ಹಳದಿ ಸಾಲು

ಸಾಫ್ಟ್‌ವೇರಿನ ಹೊಸ ಆವೃತ್ತಿ ಬಿಡುಗಡೆ ಮಾಡಲು ಒತ್ತಬೇಕಿದ್ದ ಗುಂಡಿಯ ಮೇಲಿಂದ ಅತ್ತಿಗೆ ಬೆರಳು ತೆಗೆದಳು.

"ಯಾಕಮ್ಮ?" ಎಂದರು ಎದುರು ಮೇಜಿನ ಮೇಷ್ಟ್ರು. ಹಿಂದೊಮ್ಮೆ ಗಣಿತ ಹೇಳಿಕೊಡುತ್ತಿದ್ದವರು. ತಂಡದ ಮುಖ್ಯಸ್ಥರಾದ ಮೇಲೂ ಆ ಹೆಸರು ಬಿಡಲಿಲ್ಲ. ಇವಳ ಮೈದುನ ಮೊದಲು ಇಲ್ಲೇ ಕೆಲಸಕ್ಕಿದ್ದುದರಿಂದ ಇವಳು ಇಡೀ ಆಫೀಸಿಗೆ ಅತ್ತಿಗೆಯಾಗಿದ್ದಳು. ಈಗ ಅವನು ಒಂದು ಡಯಾಲಿಸಿಸ್ ಕೇಂದ್ರದಲ್ಲಿ ರೋಗಿಗಳ ಸರದಿ ಪಟ್ಟಿಯ ಪ್ರೋಗ್ರಾಂ ನೋಡಿಕೊಳ್ಳುತ್ತಾನೆ, ಒಬ್ಬನೇ. ಈ ಆಫೀಸು ಬರೆದು ಹಂಚುವ ಸಿದ್ಧ ಕೋಡಿನ ಮೇಲೆಯೇ ಆ ಪ್ರೋಗ್ರಾಂ ನಿಂತಿದೆ, ಇನ್ನೂ ಎಷ್ಟೋ ಕಡೆಯ ಪ್ರೋಗ್ರಾಂಗಳ ಹಾಗೆ.

ನಿನ್ನೆ ಊಟಕ್ಕೆ ಬಂದವನು, "ನಿಮ್ಮ ದಿನಾಂಕ ಲೆಕ್ಕ ಹಾಕೋ ಫಂಕ್ಷನ್ ಒಂದು ದಿನಾನೂ ಕೈ ಕೊಟ್ಟಿಲ್ಲ ಅತ್ತಿಗೆ" ಎಂದು ಹೊಗಳಿದ್ದ. ಹೊಸ ಆವೃತ್ತಿಯಲ್ಲಿ ಆ ಫಂಕ್ಷನ್ನೇ ಇಲ್ಲ. ಭಾನುವಾರ ಕೇಂದ್ರದ ಕಂಪ್ಯೂಟರುಗಳು ಹೊಸದನ್ನು ತಾವಾಗಿಯೇ ಹಾಕಿಕೊಳ್ಳುತ್ತವೆ. ಸೋಮವಾರ ಬೆಳಿಗ್ಗೆ ಪಟ್ಟಿಯೇ ಬರದಿದ್ದರೆ ಯಾರನ್ನು ಮೊದಲು ಮಂಚಕ್ಕೆ ಕರೆಯುವುದು? ಮೇಷ್ಟ್ರಿಗೆ ಅದನ್ನೇ ಹೇಳಿದಳು.

"ಹಳೇದು ಹೋಗತ್ತೆ ಅಂತ ಎರಡು ವರ್ಷದಿಂದ ಎಚ್ಚರಿಕೆ ಕೊಡ್ತಿದೀವಲ್ಲ."

"ಯಾರಿಗೆ ಕೊಟ್ವಿ ಮೇಷ್ಟ್ರೇ? ಗೋಡೆಗಾ?"

ಮೊದಲು ಆ ಎಚ್ಚರಿಕೆ ಎಲ್ಲರಿಗೂ ಕಾಣುತ್ತಿತ್ತು. ಅದೇ ಕೇಂದ್ರದ ಕೌಂಟರಿನಾಕೆ ಪರದೆಯ ಮೇಲೆ ಹಳದಿ ಸಾಲು ಕಂಡು ಹೌಹಾರಿ ಕಂಪ್ಯೂಟರಿನ ತಂತಿಯನ್ನೇ ಕಿತ್ತಿದ್ದಳು. ಹತ್ತು ಕಡೆಯಿಂದ ಬೈಗುಳ ಬಂದ ಮೇಲೆ ಅದು ಯಾರಿಗೂ ಕಾಣದ ಹಾಗೆ ಮಾಡಿದವಳು ಅತ್ತಿಗೆಯೇ. ಬೇಕಾದವರು ತೆರೆದು ನೋಡಬಹುದಿತ್ತು. ಇದೆಯೆಂದೇ ಗೊತ್ತಿಲ್ಲದ್ದನ್ನು ಯಾರು ತೆರೆಯುತ್ತಾರೆ?

"ಮೈದುನನಿಗೆ ಒಂದು ಫೋನ್ ಮಾಡಿಬಿಡು, ಮುಗೀತು."

"ಅವನಿಗೆ ಅತ್ತಿಗೆ ಇದಾಳೆ. ಮಿಕ್ಕೋರಿಗೆ?"

"ಹಾಗಾದ್ರೆ ಮತ್ತೆ ಎಲ್ರಿಗೂ ತೋರಿಸೋಣ್ವಾ? ಆಯಮ್ಮ ಈ ಸಲ ನನ್ನನ್ನೇ ಕಿತ್ತು ಬಿಸಾಡ್ತಾಳೆ."

ಅತ್ತಿಗೆಗೆ ನಗು ಬಂತು. "ಹೊಲಿಗೆ ಬಿಟ್ಟಿದೆ ಅಂತ ದರ್ಜಿಗೆ ಯಾವಾಗ ಹೇಳ್ಬೇಕು? ಅಳತೆಗೆ ತೊಡಿಸಿ ನೋಡೋವಾಗ. ತೊಟ್ಕೊಂಡು ಬೀದಿಗಿಳಿದೋರಿಗೆ ಹೇಳಿದ್ರೆ ಪಾಪ, ನಾಚ್ಕೊಳೋದು ಬಿಟ್ಟು ಇನ್ನೇನು ಮಾಡ್ತಾರೆ? ಪ್ರೋಗ್ರಾಂ ಬರೆಯೋರಿಗೆ ತಮ್ಮ ಕೋಡ್ ಟೆಸ್ಟ್ ಮಾಡೋವಾಗ ಎಚ್ಚರಿಕೆ ಕಾಣ್ಲಿ. ಕೌಂಟರಲ್ಲಿ ಬೇಡ. ಹಳೇ ಫಂಕ್ಷನ್ ಇನ್ನೊಂದು ಆವೃತ್ತಿ ಇರ್ಲಿ."

"ಆರು ತಿಂಗಳು ಮುಂದಕ್ಕೆ! ಮೇಲಿನವರು ನನ್ನ ಕಿವಿ ಹಿಂಡ್ತಾರೆ."

"ನೀವು ಎಷ್ಟು ಜನರ ಕಿವಿ ಹಿಂಡಿಲ್ಲ?"

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. "ಮಾಡು" ಎಂದರು.

ಬರೆದಿದ್ದನ್ನು ಅಳಿಸಿ, ಹೊಸದಾಗಿ ಬರೆದು, ಮೂರು ಸಲ ಓಡಿಸಿ ನೋಡಿ, ಮೊದಲು ಮೈದುನನಿಗೇ ಕಳಿಸಿದಳು. ಮಧ್ಯಾಹ್ನ ಫೋನ್ ಬಂತು.

"ಅತ್ತಿಗೇ, ಏನಿದು! ಟೆಸ್ಟ್ ಓಡಿಸಿದ್ರೆ ಪರದೆ ತುಂಬ ಹಳದಿ. ನಲವತ್ತೊಂದು ಕಡೆ! ಇಷ್ಟು ದಿನ ಎಲ್ಲಿದ್ವು ಇವು?"

"ನಾನೇ ಬಾಯಿ ಮುಚ್ಚಿಸಿದ್ದೆ ಕಣೋ. ಬೈಯ್ಯಲ್ವಾ?"

"ನಲವತ್ತೊಂದೂ ಸರಿಮಾಡಿ ಮುಗಿಸ್ತೀನಿ, ಆಮೇಲೆ ಬೈತೀನಿ. ಆರು ತಿಂಗಳಿದೆಯಲ್ಲ."

"ಕೌಂಟರಲ್ಲಿ ಏನಾದ್ರೂ ಕಾಣ್ತಿದೆಯಾ?"

"ಅಲ್ಲೂ ಹೊಸದನ್ನೇ ಹಾಕಿದೀನಿ. ತಾಳಿ, ಇಣುಕಿ ಬರ್ತೀನಿ."

ಫೋನನ್ನು ಕೈಯಲ್ಲೇ ಹಿಡಿದು ನಡೆದನೆಂದು ಕಾಣುತ್ತದೆ. ಚಪ್ಪಲಿಯ ಸದ್ದು, ಬಾಗಿಲಿನ ಕಿರ್ರೆನ್ನುವಿಕೆ. ಆಮೇಲೆ ಕೌಂಟರಿನಾಕೆಯ ದನಿ, ನಿದ್ದೆಗಣ್ಣಿನವರದಂತೆ ಎಳೆದೆಳೆದು: "ಏಳನೇ ನಂಬರ್, ಒಳಗ್ ಬನ್ನಿ."

ಯಾರೋ ಕುರ್ಚಿ ಸರಿಸಿ ಎದ್ದರು. ನಿಧಾನದ ಹೆಜ್ಜೆಗಳು ಹತ್ತಿರ ಬಂದು, ದಾಟಿ, ಒಳಗೆ ಹೋದವು.

"ಒಂದು ಹಳದಿ ಸಾಲೂ ಇಲ್ಲ" ಎಂದು ಮೈದುನ ಪಿಸುಗುಟ್ಟಿದ. ಅತ್ತಿಗೆ ಫೋನ್ ಇಡಲಿಲ್ಲ. ಎಂಟನೆಯವರನ್ನು ಕರೆಯುವವರೆಗೂ ಹಾಗೆಯೇ ಕಿವಿಗೆ ಹಿಡಿದು ಕೂತಳು.