ಜಮಾಲಸಾಬನ ರೇಡಿಯೋ

ದಾಂಡೇಲಿಯಲ್ಲಿ ಕಾಗದದ ಮಿಲ್ಲು ಶುರುವಾಗಿ ಆಗಿನ್ನೂ ನಾಲ್ಕೈದು ವರ್ಷವಾಗಿತ್ತು. ಅಷ್ಟರಲ್ಲೇ ಕೆಲಸಗಾರರ ಕ್ವಾರ್ಟರ್ಸಿನಲ್ಲಿ ಒಂದು ರೂಢಿ ಬಿದ್ದಿತ್ತು. ಯಾರ ಮನೆಗಾದರೂ ಹೆಣ್ಣು ನೋಡಲು ಬರುತ್ತಾರೆಂದರೆ ಆ ಸಾಲಿನ ಒಳ್ಳೆಯ ಸಾಮಾನೆಲ್ಲ ಆ ದಿನ ಆ ಮನೆ ಸೇರುತ್ತಿತ್ತು. ಒಬ್ಬರ ಕುರ್ಚಿ, ಇನ್ನೊಬ್ಬರ ಸ್ಟೀಲಿನ ತಟ್ಟೆ, ಮತ್ತೊಬ್ಬರ ಗಡಿಯಾರ. ಬಂದವರು ಎದ್ದು ಹೋದ ಮೇಲೆ ಎಲ್ಲವೂ ತಿರುಗಿ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದವು. ಇದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ. ಇವತ್ತು ನಿನಗೆ, ನಾಳೆ ನನಗೆ, ಅಷ್ಟೆ.

ನೀಲಕ್ಕನ ಸರದಿ ಬಂದ ದಿನ ಬೆಳಗಿನಿಂದಲೇ ಅವಳ ಅವ್ವ ಮಾಲವ್ವ ಸಾಲಿನುದ್ದಕ್ಕೂ ಓಡಾಡಿದಳು. ಪಕ್ಕದ ಮನೆಯ ಕಾಶೆವ್ವ ತನ್ನ ಸ್ಟೀಲಿನ ಕಪಾಟು ಕೊಡಲು ಒಪ್ಪಿದಳು. ನಾಲ್ಕು ಮಂದಿ ಅದನ್ನು ಹೊತ್ತು ತಂದು ಗೋಡೆಗೆ ನಿಲ್ಲಿಸಿದರು. ಕೀಲಿ ಮಾತ್ರ ಕಾಶೆವ್ವನ ಸೊಂಟದಲ್ಲೇ ಉಳಿಯಿತು. ಎದುರು ಮನೆಯ ಮೆಕ್ಯಾನಿಕ್ ಜಮಾಲಸಾಬ ತನ್ನ ರೇಡಿಯೋ ತಂದು ಮೇಜಿನ ಮೇಲಿಟ್ಟ.

"ಜ್ವಾಕಿ ಇರಲಿ ಅಕ್ಕಾ, ಕಿವಿ ತಿರುವಬ್ಯಾಡ್ರಿ," ಎಂದ. "ಸಂಜೀಕ ನಮ್ಮ ಬೀಬಿಗೆ ಹಾಡು ಕೇಳಾಕ ಬೇಕು. ಇಲ್ಲಂದ್ರ ನನಗ ರೊಟ್ಟಿ ಸಿಗೂದಿಲ್ಲ."

ನೀಲಕ್ಕನಿಗೆ ಈ ಸಂಬಂಧ ಬೇಕಾಗಿತ್ತು. ಹುಡುಗ ಮುಂಡಗೋಡದ ಕರಿಬಸಪ್ಪನನ್ನು ಅವಳು ಹಳಿಯಾಳದ ಒಂದು ಮದುವೆಯಲ್ಲಿ ನೋಡಿದ್ದಳು. ಪಂಕ್ತಿಯಲ್ಲಿ ಅನ್ನದ ಬುಟ್ಟಿ ಹಿಡಿದು ಬಡಿಸುತ್ತ, ಬೇಡವೆಂದವರಿಗೂ ಬಡಿಸಿ, ಬೈಸಿಕೊಂಡು ನಗುತ್ತಿದ್ದ. ಆಮೇಲೆ ಬಂದ ಎರಡು ಸಂಬಂಧಗಳನ್ನು ಅವಳು ಬೇಡವೆಂದದ್ದು ಆ ನಗುವಿನ ಕಾರಣಕ್ಕೆ. ಮನೆಯಲ್ಲಿ ಹಾಗೆ ಹೇಳಿರಲಿಲ್ಲ. ಹುಡುಗ ಗಿಡ್ಡ, ಊರು ದೂರ ಎಂದು ಏನೇನೋ ಹೇಳಿದ್ದಳು.

ಇಳಿಹೊತ್ತಿನ ಬಸ್ಸಿಗೆ ಕರಿಬಸಪ್ಪ, ಅವನ ಅಪ್ಪ ಮಹಾಂತಪ್ಪ ಬಂದರು. ಮಹಾಂತಪ್ಪ ಹಳ್ಳಿಯ ಹೊಲವನ್ನು ತಮ್ಮನಿಗೆ ಬಿಟ್ಟು ಮುಂಡಗೋಡ ಪೇಟೆಯಲ್ಲಿ ಕಿರಾಣಿ ಅಂಗಡಿ ಹಾಕಿದ್ದ. ಕುರ್ಚಿಯಲ್ಲಿ ಕುಳಿತವನು, ನೀಲಕ್ಕ ತಟ್ಟೆಯಲ್ಲಿ ಚಹಾ ತಂದು ಕೊಟ್ಟು ಒಳಗೆ ಹೋಗುವಷ್ಟರಲ್ಲಿ, ಮೊದಲು ಕಪಾಟು ನೋಡಿದ, ಆಮೇಲೆ ಗಡಿಯಾರ ನೋಡಿದ. ರೇಡಿಯೋದ ಮೇಲೆ ಬಂದ ಕಣ್ಣು ಅಲ್ಲೇ ನಿಂತಿತು.

ಅದರ ಮೇಲೊಂದು ಬಿಳಿ ಬಟ್ಟೆಯ ಮುಸುಕಿತ್ತು. ಬಟ್ಟೆಯಲ್ಲಿ ಹಸಿರು ದಾರದ ಗಿಣಿ. ಗಿಣಿಗೆ ಕಣ್ಣಿರಲಿಲ್ಲ.

"ಗುರುಪಾದಪ್ಪನವರ," ಎಂದ ಮಹಾಂತಪ್ಪ, ನೀಲಕ್ಕನ ಅಪ್ಪನಿಗೆ. "ದೀಪಾವಳಿ ಮುಂದ ಇದ ಸಾಲಿನ್ಯಾಗ ಕಾಶೆವ್ವನ ತಂಗಿ ಮಗಳನ್ನ ನೋಡಾಕ ಬಂದಿದ್ದೆ. ಕೂಡಿ ಬರಲಿಲ್ಲ, ಇರಲಿ. ಅವರ ಮನ್ಯಾಗೂ ಇಂಥಾದ್ದ ರೇಡಿಯೋ ಇತ್ತು. ಇಂಥಾದ್ದ ಬಟ್ಟಿ, ಇಂಥಾದ್ದ ಗಿಣಿ."

ಗುರುಪಾದಪ್ಪ ಚಹಾದ ಕಪ್ಪು ಎತ್ತಿಕೊಂಡ. ಮಹಾಂತಪ್ಪ ಬಿಡಲಿಲ್ಲ.

"ಮಿಲ್ಲಿನವರು ಮನಿಗೊಂದು ಬಲ್ಬ್ ಕೊಟ್ಟಂಗ ರೇಡಿಯೋನೂ ಕೊಡ್ತಾರ್ರಿ?"

ಗುರುಪಾದಪ್ಪ ಮಿಲ್ಲಿನಲ್ಲಿ ಬಿದಿರು ಬೇಯಿಸುವ ಕಡೆ ದುಡಿಯುವವನು. ಜೀವನದಲ್ಲಿ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅದಕ್ಕೇ ಇರಬೇಕು, ಹೇಳಿದ ಒಂದು ಸುಳ್ಳನ್ನೂ ಕೆಟ್ಟದಾಗಿ ಹೇಳಿದ. "ಹೂಂ," ಎಂದ.

"ಹಂಗಾದ್ರ ಮಾತು ಮುಗೀತು," ಎಂದ ಮಹಾಂತಪ್ಪ, ಗೆದ್ದವನ ಹಾಗೆ. "ಹುಡುಗಿ ನಮಗ ಒಪ್ಪಿಗಿ. ಬಂಗಾರ ಕೇಳೂದಿಲ್ಲ, ಬಟ್ಟಿ ಕೇಳೂದಿಲ್ಲ. ಈ ರೇಡಿಯೋ ಹುಡುಗಗ ಕೊಟ್ಟುಬಿಡ್ರಿ. ನಿಮಗ ಹೆಂಗೂ ಕಂಪನಿಯವರು ಇನ್ನೊಂದು ಕೊಡ್ತಾರ."

ಅಡುಗೆಮನೆಯ ಬಾಗಿಲಲ್ಲಿ ಮಾಲವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. "ಇನ್ನೇನ ಮಾಡೂದವ್ವಾ," ಎಂದು ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು. "ಕೊಡ್ತೀವಿ ಅನ್ನೂಣು. ಮದುವಿ ಆಗಲಿ, ಆಮ್ಯಾಗ ನೋಡಿದ್ರಾತು."

"ಆಮ್ಯಾಗ ಅವರ ಮನ್ಯಾಗ ಮಾತು ಕೇಳಾಕಿ ನಾನು," ಎಂದಳು ನೀಲಕ್ಕ.

ಅವಳು ಲೆಕ್ಕ ಹಾಕಿದಳು. ಈಗ ಹೇಳಿದರೆ ಸಂಬಂಧ ಮುರಿಯಬಹುದು. ಹೇಳದಿದ್ದರೆ ಮುರಿಯುವುದಿಲ್ಲ, ಆದರೆ ಆ ಮನೆಯಲ್ಲಿ ದಿನಾ ಮುರಿದುಕೊಳ್ಳುತ್ತ ಇರಬೇಕು. ಮೊದಲನೆಯದೇ ಅಗ್ಗ. ತಟ್ಟೆ ಕೆಳಗಿಟ್ಟು ಹೊರಗೆ ಬಂದು ಮೇಜಿನ ಪಕ್ಕದಲ್ಲಿ ನಿಂತಳು.

"ಕಾಕಾರ, ಈ ರೇಡಿಯೋ ಎದುರುಮನಿ ಜಮಾಲಣ್ಣಂದು. ಕಪಾಟು ಕಾಶೆವ್ವಕ್ಕಂದು. ನೀವು ದೀಪಾವಳಿ ಮುಂದ ನೋಡಿದ್ದೂ ಇದ ರೇಡಿಯೋನ. ಸಾಲಿಗೆಲ್ಲಾ ಇದೊಂದ ಐತಿ. ಮಿಲ್ಲಿನವರು ಬಲ್ಬ್ ಅಷ್ಟ ಕೊಡ್ತಾರ."

ಮಹಾಂತಪ್ಪ ಕಪಾಟಿನ ಕಡೆ ತಿರುಗಿ, ಅದೂ ತನಗೆ ಮೋಸ ಮಾಡಿತೆಂಬಂತೆ ನೋಡಿದ.

"ಮತ್ತ ನಿಮ್ಮದೇನೈತೆವ್ವಾ ಈ ಮನ್ಯಾಗ?"

"ಈ ಗಿಣಿ ನಂದು. ಜಮಾಲಣ್ಣನ ರೇಡಿಯೋಕ್ಕ ನಾ ಹಾಕಿಕೊಟ್ಟದ್ದು. ಕಸೂತಿ ಬರ್ತೈತಿ, ಹೊಲಿಗಿ ಬರ್ತೈತಿ, ಏಳನೇ ಇಯತ್ತೆತನಕ ಓದೀನಿ. ಅಂಗಡಿ ಲೆಕ್ಕಾ ನೋಡಾಕ ಬರ್ತೈತಿ."

"ಗಿಣಿಗೆ ಕಣ್ಣ ಇಲ್ಲಲ್ಲ?" ಎಂದ ಕರಿಬಸಪ್ಪ. ಅವನು ಬಾಯಿಬಿಟ್ಟದ್ದು ಅದೇ ಮೊದಲು.

"ಕರೀ ದಾರ ಮುಗಿದಿತ್ತು."

ಕರಿಬಸಪ್ಪ ನಕ್ಕ. ಅನ್ನದ ಬುಟ್ಟಿ ಹಿಡಿದಾಗಿನ ನಗುವೇ. ಅವನಪ್ಪ ನಗಲಿಲ್ಲ.

"ನಗಬ್ಯಾಡಲೇ. ನಿನಗ ಗೊತ್ತಾಗೂದಿಲ್ಲ," ಎಂದ. ಆಮೇಲೆ ನೀಲಕ್ಕನಿಗೆ ಅಲ್ಲ, ರೇಡಿಯೋಕ್ಕೆ ಹೇಳುವಂತೆ ಹೇಳಿದ: "ನಮ್ಮೂರಾಗ ನಾ ಹರಕ ಕಂಬಳಿ ಹೊತ್ತು ಕುಂತ್ರೂ ಮಂದಿ ಎದ್ದು ಜಾಗಾ ಬಿಡ್ತಿದ್ರು. ನಮ್ಮಪ್ಪ ಯಾರು, ಅಜ್ಜ ಯಾರು, ಎಲ್ಲಾರಿಗೂ ಗೊತ್ತಿತ್ತು. ಪ್ಯಾಟ್ಯಾಗ ಯಾರಿಗೆ ಗೊತ್ತೈತಿ? ಎದುರಿನ ಅಂಗಡಿಯಂವ ನಿನ್ನೆ ಮೊನ್ನೆ ಬಂದಂವ. ಒಂದು ರೇಡಿಯೋ ಇಟ್ಟಾನ. ಗಿರಾಕಿ ಎಲ್ಲಾ ಅವಗ ಸಾವಕಾರ ಅಂತಾರ. ನನಗ ಏ ಅಂಗಡಿಯಂವಾ ಅಂತಾರ."

ಅವ್ವ ಬೆಳಗಿನಿಂದ ಯಾಕೆ ಓಡಾಡಿದಳೆಂದು ನೀಲಕ್ಕನಿಗೆ ಆಗ ತಿಳಿಯಿತು. ಈ ಸಾಲಿನಲ್ಲಿ ರತ್ನಾಗಿರಿಯವರಿದ್ದರು, ವಿಜಾಪುರದವರಿದ್ದರು, ಮಲಬಾರದವರಿದ್ದರು. ಗುರುಪಾದಪ್ಪ ಹಳಿಯಾಳದ ಕಡೆ ಎಂಥ ಮನೆತನದವನೆಂದು ಇವರಲ್ಲಿ ಯಾರೂ ಹೇಳಲಾರರು. ಕಪಾಟು ಹೇಳಬೇಕು. ಹಳ್ಳಿಯಲ್ಲಿ ಊರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸಾಮಾನು ಮಾಡುತ್ತಿತ್ತು. ಮಹಾಂತಪ್ಪ ದುರಾಸೆಯವನೆಂದು ಅವಳು ತಿಳಿದಿದ್ದಳು. ಹಾಗೇನೂ ಅಲ್ಲ, ಅವನಿಗೆ ಹೆಸರು ಬೇಕಾಗಿತ್ತು.

"ಹಂಗಾದ್ರ ಕೇಳಿ ತೊಗೋಬ್ಯಾಡ್ರಿ, ಕಾಕಾರ," ಎಂದಳು. "ಸೊಸಿ ತಂದ ರೇಡಿಯೋ ಅಂತ ಎದುರಿನಂವ ಊರ ತುಂಬ ಹೇಳ್ತಾನ. ಗಳಿಸಿ ತೊಗೊಂಡ್ರ ಹೇಳಾಕ ಅವಗ ಏನೂ ಇರೂದಿಲ್ಲ."

ಮಹಾಂತಪ್ಪ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. ಗಿರಾಕಿ ಚೌಕಾಸಿ ಮಾಡುವಾಗ ವ್ಯಾಪಾರಿ ನೋಡುತ್ತಾನಲ್ಲ, ಹಾಗೆ.

ಅಷ್ಟರಲ್ಲಿ ಜಮಾಲಸಾಬನ ಹೆಂಡತಿ ರೋಷನಬಿ ಬಾಗಿಲಿಗೆ ಬಂದಳು. "ಮಾಲವ್ವಕ್ಕಾ, ಮುಗೀತೇನ್ರಿ? ನನ್ನ ಹಾಡಿನ ಟೈಮ್ ಆತು," ಎಂದವಳು ಬೀಗರನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

ಕರಿಬಸಪ್ಪ ಎದ್ದ. ಯಾರನ್ನೂ ಕೇಳದೆ ರೇಡಿಯೋ ಎತ್ತಿಕೊಂಡು ಅವಳ ಹಿಂದೆ ನಡೆದ. ಸಾಲಿನ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡಿದರು. ತಿರುಗಿ ಬಂದು, "ಅಪ್ಪಾ, ಅವರ ಮನ್ಯಾಗ ಕುಂದರಾಕ ಒಂದ ಕುರ್ಚೀನೂ ಇಲ್ಲ. ನೀ ಕುಂತದ್ದು ಅವರದು," ಎಂದ.

ಮಹಾಂತಪ್ಪ ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಕುಳಿತ. ಅಂಗಿಯ ಕಿಸೆಯಿಂದ ಎಲೆ ಅಡಕೆ ತೆಗೆದು ಗುರುಪಾದಪ್ಪನ ಮುಂದೆ ಸರಿಸಿದ.

"ಅಂಗಡಿ ಲೆಕ್ಕಾ ಬರ್ತೈತಿ ಅಂದಿಯಲ್ಲವ್ವಾ," ಎಂದ. "ಅದಾದ್ರೂ ನಿಂದೋ, ಅದನ್ನೂ ಯಾರದಾದ್ರೂ ತಂದೀಯೋ?"

"ಅದು ನಂದ ರಿ," ಎಂದಳು ನೀಲಕ್ಕ.

ಮದುವೆ ಆ ಬೇಸಿಗೆಯಲ್ಲಾಯಿತು. ಮುಂದೆ ಮೂರು ಸುಗ್ಗಿ ಕಳೆದ ಮೇಲೆ ಮುಂಡಗೋಡದ ಅಂಗಡಿಗೆ ಹೊಸ ರೇಡಿಯೋ ಬಂತು. ಗಳಿಸಿದ್ದರಲ್ಲೇ ತಂದದ್ದು. ನೀಲಕ್ಕನೇ ಆರಿಸಿದ್ದಳು, ಎದುರಿನವನದಕ್ಕಿಂತ ದೊಡ್ಡದು. ಮಹಾಂತಪ್ಪ ಅದನ್ನು ಒಳಗಿನ ಗೂಡಿನಲ್ಲಿಟ್ಟು, ಧೂಳು ಕೂಡ್ರುತ್ತದೆ, ಗಿಣಿಯ ಮುಸುಕೊಂದು ಹೊಲಿದುಕೊಡು ಎಂದು ಸೊಸೆಗೆ ಹೇಳಿದ.

"ಮುಸುಕು ಹಾಕಿದ್ರ ಯಾರಿಗೆ ಕಾಣ್ತೈತ್ರಿ, ಮಾವಾರ?" ಎಂದಳು ನೀಲಕ್ಕ. ರೇಡಿಯೋ ತಂದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಬೀದಿಗೆ ಮುಖಮಾಡಿ ಇಟ್ಟಳು.