ಬಿಸಿಲಿಗಿಟ್ಟ ಸೆಲ್ಲುಗಳು

ಮಸ್ಕಿಯ ಪಂಪಣ್ಣ ಮಾಸ್ತರರಿಗೆ ಸಂಗೀತ ಎಷ್ಟು ಬರುತ್ತಿತ್ತೋ ಅವಸರವೂ ಅಷ್ಟೇ ಬರುತ್ತಿತ್ತು. ಊಟ, ಮಾತು, ಜಗಳ ಎಲ್ಲ ಓಟದಲ್ಲೇ. ಭಜನೆ ಪದ ಎತ್ತಿದರೆ ತಬಲಾದವನಿಗೆ ಬೆವರು ಒರೆಸಿಕೊಳ್ಳಲೂ ಬಿಡುತ್ತಿರಲಿಲ್ಲ. ಸುಸ್ತಾದ ಶಿಷ್ಯರು ಒಬ್ಬೊಬ್ಬರಾಗಿ ಸೂಗಪ್ಪ ಗವಾಯಿಯ ಮನೆ ಸೇರಿದರು. ಮಾಸ್ತರ ಎಂಬ ಹೆಸರಷ್ಟೇ ಉಳಿದಿತ್ತು. ಅದೂ ಎಲ್ಲಿ ಹೋಗುತ್ತದೋ ಎಂಬ ಚಿಂತೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಆಗ ವಳಕಮದಿನ್ನಿಯ ಗದ್ದೆಪ್ಪ ಹುಡುಕಿಕೊಂಡು ಬಂದ. ಅವರೂರಲ್ಲಿ ಹೊಸ ಭಜನಾ ಮಂಡಳಿ ಕಟ್ಟಿದ್ದರು. ಗದ್ದೆ ಕೆಲಸ ಬಿಟ್ಟು ಯಾರೂ ಮಸ್ಕಿಗೆ ಬರುವಂತಿರಲಿಲ್ಲ. ಮಾಸ್ತರರ ಹಾಡನ್ನು ಅವರ್ಯಾರೂ ಕೇಳಿರಲಿಲ್ಲ, ಹೆಸರು ಕೇಳಿದ್ದರು.

"ಕೆಸೆಟ್‌ನ್ಯಾಗ ಹಾಡಿ ಕೊಡ್ರಿ ಮಾಸ್ತರ. ಟೇಪ್ ಹಾಕ್ಕೊಂಡು ಕಲೀತೀವಿ."

ಸುದ್ದಿ ತಿಳಿದ ಸೂಗಪ್ಪ ಚಹಾದಂಗಡಿಯಲ್ಲಿ ಎಲ್ಲರೆದುರು ನಕ್ಕ. "ಡಬ್ಬಿ ಕಲಿಸಿದ ಪದ ಶ್ರಾವಣದ ಭಜನಿ ಸ್ಪರ್ಧಾದಾಗ ಕೇಳೂಣಂತ. ಪಂಪಣ್ಣಂದು ಅವತ್ತಿಗೆ ಮುಗೀತು."

ಮೈಕ್ ಸೆಟ್ಟಿನ ಜಿಲಾನಿಸಾಬನಿಂದ ಮಾಸ್ತರರು ರೆಕಾರ್ಡ್ ಮಾಡುವ ಟೇಪು ತಂದರು. ಬೀದಿಯ ಸದ್ದು ಒಳಗೆ ಬಾರದಂತೆ ಪಡಸಾಲೆಯ ಕಿಟಕಿ, ಬಾಗಿಲು, ಗೋಡೆಗೆಲ್ಲ ಹಳೆ ಸೀರೆ ಹೊಲಿದು ಮಾಡಿದ ಮನೆಯ ಕೌದಿಗಳನ್ನು ಇಳಿಬಿಟ್ಟರು.

"ಏ ಗಿರಿಯವ್ವ, ರೊಟ್ಟಿ ಬಡಿಯೋದು ನಿಂದ್ರಸು!" ಎಂದು ಹೆಂಡತಿಗೆ ಕೂಗಿದರು.

"ಹಂಗಾರ ಮಧ್ಯಾಹ್ನಕ್ಕ ಕೌದೀನ ತಿನ್ರಿ," ಎಂದಳು ಗಿರಿಯಮ್ಮ.

ಕೆಸೆಟ್ಟು ಎಲ್ಲಿ ಮುಗಿದುಹೋಗುತ್ತದೋ ಎಂಬ ಭಯದಲ್ಲಿ ಮಾಸ್ತರರು ಎಂದಿಗಿಂತ ಜೋರಾಗಿ ಓಡಿಸಿ ಹಾಡಿದರು. ಸಿಂಧನೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೆಸೆಟ್ಟು ವಳಕಮದಿನ್ನಿಯ ಶಿಷ್ಯರನ್ನು ಮುಟ್ಟಿತು.

ಸ್ಪರ್ಧೆಯ ದಿನ ವಳಕಮದಿನ್ನಿಯವರು ಪದ ಎತ್ತಿದ್ದೇ ತಡ, ಮಾಸ್ತರರ ಜೀವ ಬಾಯಿಗೆ ಬಂತು. ಪದ ತಮ್ಮದೇ, ತಿರುವುಗಳೂ ತಮ್ಮವೇ. ಆದರೆ ದನಿ ತಳಕ್ಕಿಳಿದಿತ್ತು, ಹಾಡು ತುಂಬಿದ ಬಂಡಿಯ ಹಾಗೆ ನಿಧಾನಕ್ಕೆ ಸಾಗುತ್ತಿತ್ತು. ಮಾನ ಹೋಯಿತೆಂದು ತಲೆ ತಗ್ಗಿಸಿದರು. ಎತ್ತಿ ನೋಡಿದರೆ ಜನ ಕೆಮ್ಮುವುದನ್ನೂ ಮರೆತು ಕೂತಿದ್ದರು. ಸೂಗಪ್ಪ ಕಣ್ಣು ಒರೆಸಿಕೊಳ್ಳುತ್ತಿದ್ದ. ಮೊದಲ ಬಹುಮಾನ ವಳಕಮದಿನ್ನಿಯವರಿಗೇ ಬಂತು.

"ಇಷ್ಟು ಸಮಾಧಾನ ನಿನ್ನೊಳಗ ಎಲ್ಲಿ ಇಟ್ಟಿದ್ದೆಪ್ಪಾ ಪಂಪಣ್ಣ?" ಎಂದು ಸೂಗಪ್ಪ ಕೈ ಹಿಡಿದುಕೊಂಡ. ಮಾಸ್ತರರು ನಕ್ಕರು.

ಆಮೇಲೆ ಗದ್ದೆಪ್ಪನನ್ನು ಮೂಲೆಗೆ ಕರೆದರು. "ಹಿಂಗ ಹಾಡಾಕ ಯಾರು ಕಲಿಸ್ಯಾರಲೇ?"

"ನೀವೇ ಅಲ್ರೀ?" ಎಂದ ಗದ್ದೆಪ್ಪ ಚೀಲದಿಂದ ಟೇಪು ತೆಗೆದು ಗುಂಡಿ ಒತ್ತಿದ. ಬಾವಿಯೊಳಗಿನಿಂದ ಬಂದಂತೆ ಮಾಸ್ತರರದೇ ದನಿ, ದಪ್ಪಗೆ, ಎಳೆದೆಳೆದು ಬಂತು. "ನಮ್ಮೂರಾಗ ಕರೆಂಟ್ ಎಲ್ಲಿ ನಿಲ್ತೈತ್ರಿ? ಸೆಲ್ ಇಳಿದ್ರ ಮಾಳಿಗಿ ಮ್ಯಾಲ ಬಿಸಿಲಿಗಿಡ್ತೀವಿ. ಯುಗಾದಿಯಿಂದ ಇವೇ ನಡಸಾಕತ್ತೀವ್ರಿ," ಎಂದು ಹೆಮ್ಮೆಪಟ್ಟ.

ಬಹುಮಾನ ತಂದದ್ದು ತಾವಲ್ಲ, ಟೇಪನ್ನು ನಿಧಾನಕ್ಕೆ ತಿರುಗಿಸಿದ ಸತ್ತ ಸೆಲ್ಲು ಎಂದು ಮಾಸ್ತರರಿಗೆ ಅರ್ಥವಾಯಿತು. ತುಂಬಾ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ದಢೇಸುಗೂರಿನವರು, ಸಂತೆಕಲ್ಲೂರಿನವರು ಕೆಸೆಟ್ಟಿಗೆ ಹೇಳಿಕಳಿಸಿದರು. ಆ ಗಡಿಬಿಡಿಯಲ್ಲೇ ವಳಕಮದಿನ್ನಿಗೆ ಎರಡನೆಯ ಪಾಠವೂ ಹೋಯಿತು. ಮುಂದಿನ ಸಂತೆಯ ದಿನ ಗದ್ದೆಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ.

"ಇದನ್ನ ಹಾಡಿದವ್ರು ನೀವಲ್ಲ ಬಿಡ್ರಿ. ಯಾರೋ ಬಸ್ ತಪ್ಪತೈತಂತ ಹಾಡ್ಯಾರ. ಸೆಲ್ಲಿಂದ ತಪ್ಪಿಲ್ರಿ, ಬಹುಮಾನ ಬಂತಂತ ಹೊಸಾವೇ ಹಾಕೀವಿ. ನೀವೇ ಹಾಡಿಕೊಡ್ರಿ ಮಾಸ್ತರ, ನಿಮ್ಮ ಕಾಲು ಬೀಳ್ತೀನಿ."

ನಿಜ ಹೇಳಿದರೆ ಮಾಸ್ತರಿಕೆ ಅಲ್ಲಿಗೇ ಮುಗಿಯುತ್ತಿತ್ತು. ಪಂಪಣ್ಣ ಮಾಸ್ತರರು ಗಂಟಲು ಸರಿಮಾಡಿಕೊಂಡರು.

"ಖರೇ ಹೇಳಿದಿ. ಅವ ನನ್ನ ಶಿಷ್ಯ. ಗಡಿಬಿಡಿ ಮನಶ್ಯಾ, ಇನ್ನೂ ಬಾಳ ಕಲೀಬೇಕು. ನಾನೇ ಹಾಡಿ ಕಳಸ್ತೀನಿ. ಆ ಹಳೇ ಕೆಸೆಟ್ಟು, ಹಳೇ ಸೆಲ್ಲು ನನಗ ತಂದುಕೊಡು."

ಮರುವಾರದಿಂದ ಸೆಲ್ಲುಗಳು ಮಾಸ್ತರರ ಮಾಳಿಗೆಯ ಮೇಲೆ ಬಿಸಿಲು ಕಾಯತೊಡಗಿದವು. ಕೌದಿಗಳ ನಡುವೆ ಕೂತ ಮಾಸ್ತರರು ಆ ಸೆಲ್ಲಿನ ಮೇಲೆ ಎಳೆದೆಳೆದು ನಡೆಯುವ ಟೇಪಿನ ದನಿಯ ಹಿಂದೆ ಹಿಂದೆ ಹಾಡುವರು, ಓಟ ಹತ್ತಿದ ಕಡೆ ನಿಂತು ಮತ್ತೆ ಮೊದಲಿಂದ ಹಾಡುವರು. ಒಂದು ದಿನ ಗಿರಿಯಮ್ಮ ರೊಟ್ಟಿ ಬಡಿಯುವುದನ್ನು ತಾನಾಗಿಯೇ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

"ನಿಮ್ಮ ಗುರುಗಳು ಬಾಳ ಚಂದ ಹಾಡ್ತಾರ್ರಿ," ಎಂದಳು.