ಅಜ್ಜಿಯ ಮೇಣ

ಕುಕ್ ಟೌನಿನ ಬಂಗಲೆಯೊಂದರಲ್ಲಿ ‘ಹಳೆಯ ಮನೆಗಳಲ್ಲಿ ಜೇನು’ ಎಂಬ ಪ್ರದರ್ಶನ ನಡೆದಿತ್ತು. ಶಿವಾಜಿನಗರದ ಟೈಲರ್ ಹಮೀದಾ ತಾನೇ ಅದಕ್ಕೆ ಕೊಟ್ಟಿದ್ದ ಅಜ್ಜಿಯ ಜೇನುಮೇಣದ ಉಂಡೆಯನ್ನು ಹುಡುಕಿ ಹುಡುಕಿ ಸುಸ್ತಾದಳು. ಅಜ್ಜಿಯ ಹೆಸರಿನ ಚೀಟಿ ಅಂಟಿಸಿದ್ದ ಗಾಜಿನ ಪೆಟ್ಟಿಗೆಯಲ್ಲಿ ಇದ್ದದ್ದು ಆರು ಮೂಲೆಯ ಹೊಚ್ಚಹೊಸ ಹಳದಿ ಬಿಲ್ಲೆ.

“ಇದು ನಮ್ದಲ್ಲ.”

“ನಿಮ್ದೇ ಆಂಟಿ,” ಎಂದಳು ಪ್ರದರ್ಶನ ನಡೆಸುತ್ತಿದ್ದ ಸುಮೇಧಾ. “ತುಂಬಾ ಕಪ್ಪಾಗಿತ್ತು, ಮೈಯೆಲ್ಲ ಗೀರು. ಕರಗಿಸಿ, ಸೋಸಿ, ಜೇನುಗೂಡಿನ ಶೇಪ್ ಕೊಡಿಸಿದ್ವಿ.”

ಹಮೀದಾಳಿಗೆ ಮೈಯೆಲ್ಲ ಉರಿದುಹೋಯಿತು. ಶೇರ್ವಾನಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವಾಗ, ದಾರ ಸಿಕ್ಕಾಗಬಾರದು, ಹಿಂಜಿಕೊಳ್ಳಬಾರದು ಎಂದು ಅಜ್ಜಿ ಪ್ರತಿ ಎಳೆಯನ್ನೂ ಆ ಮೇಣದ ಮೇಲೆ ಎಳೆಯುತ್ತಿದ್ದಳು. ಐವತ್ತು ವರ್ಷ ಎಳೆದೆಳೆದು ಬಿದ್ದ ಗೀರುಗಳವು. ಹಮೀದಾ ಕೆಲಸ ಕಲಿತದ್ದೂ ಅದೇ ಗೀರುಗಳಲ್ಲಿ ದಾರ ಎಳೆದು.

“ಗೀರಲ್ಲಮ್ಮಾ ಅದು, ನಮ್ಮಜ್ಜಿ ಕೆಲಸ! ಅದನ್ನೇ ಕರಗಿಸ್ಬಿಟ್ಟು ಜನಕ್ಕೆ ಇನ್ನೇನ್ ತೋರಿಸ್ತೀರಾ?”

“ಸಾರಿ ಆಂಟಿ. ಬೇಕಿದ್ರೆ ವಾಪಸ್ ತಗೊಂಡ್ಹೋಗಿ.”

“ಮೇಣ ನೀವೇ ಇಟ್ಕೊಳ್ಳಿ,” ಎಂದವಳೇ ಹಮೀದಾ, ಅಜ್ಜಿಯ ಹೆಸರಿದ್ದ ಚೀಟಿಯನ್ನು ಗಾಜಿನಿಂದ ಕಿತ್ತು ಪರ್ಸಿಗೆ ಹಾಕಿಕೊಂಡಳು.